ಕಾವಲಿನವನ ದೀಪ

ಅವನ ಉದ್ಯೋಗ ಚಿಪ್ಪನ್ನು ಮಲಗಿಸುವುದು. ಮೊಬೈಲ್ ಫೋನಿನ ಹೊಟ್ಟೆಯಲ್ಲಿ ಕೂತು ಎಲ್ಲವನ್ನೂ ನಡೆಸುವ, ಉಗುರಿನಷ್ಟಗಲದ ಚಿಪ್ಪು. ಎಚ್ಚರವಿದ್ದಷ್ಟು ಹೊತ್ತೂ ಅದು ಬ್ಯಾಟರಿ ತಿನ್ನುತ್ತದೆ. ಆದ್ದರಿಂದ ಯಾರೂ ಫೋನು ಮುಟ್ಟದಿದ್ದಾಗಲೆಲ್ಲ ಅದನ್ನು ಮಲಗಿಸಬೇಕು, ಕರೆ ಬಂದರೆ ತಟ್ಟನೆ ಎಬ್ಬಿಸಬೇಕು. ಪರದೆಯ ಮೇಲೆ ಜನ ನೋಡುವ ಚಿತ್ರ, ಬಣ್ಣ, ಗುಂಡಿ ಯಾವುದಕ್ಕೂ ಅವನು ವಾರಸುದಾರನಲ್ಲ. ಅದೆಲ್ಲ ಮಹಡಿ ಮೇಲಿನ ಸಂಸಾರ. ಅವನದು ನೆಲಮಾಳಿಗೆ. ಅಲ್ಲಿ ಒಂದು ಸಾಲು ಬರೆದರೆ ಚಿಪ್ಪಿನ ಯಾವುದೋ ಮೂಲೆಯಲ್ಲಿ ದೀಪ ಆರುತ್ತದೆ, ಇನ್ನೊಂದು ಸಾಲಿಗೆ ಹೊತ್ತಿಕೊಳ್ಳುತ್ತದೆ. ಆಫೀಸಿನಲ್ಲಿ ಎಲ್ಲರೂ ಅವನನ್ನು ಜೋಗುಳ ಎಂದೇ ಕರೆಯುತ್ತಿದ್ದರು.

ಆ ವರ್ಷ ಜೋಗುಳನಿಗೆ ಒಳ್ಳೆಯ ಹೆಸರು ಬಂದಿತ್ತು. ಬೇರೆಯವರ ಫೋನು ಎರಡು ದಿನಕ್ಕೆ ಬಾಯಿ ಬಿಡುತ್ತಿದ್ದಾಗ ಇವನು ಮಲಗಿಸಿದ ಫೋನು ಐದು ದಿನ ಚಾರ್ಜು ಕೇಳುತ್ತಿರಲಿಲ್ಲ. ಹೇಗೆ ಮಾಡಿದೆ ಎಂದು ಕೇಳಿದವರಿಗೆ ಅವನು ಒಂದು ಮನೆಯ ಲೆಕ್ಕದಲ್ಲಿ ಹೇಳುತ್ತಿದ್ದ. ಮನೆಮಂದಿಯೆಲ್ಲ ಮಲಗಿದರೂ ಬಾಗಿಲಲ್ಲಿ ಒಬ್ಬ ಕಾವಲಿನವನು ಎದ್ದಿರಬೇಕು, ಕರೆ ಬಂದರೆ ಒಳಗಿನವರನ್ನು ಕೂಗಲು. ಹಿಂದಿನವರು ಅವನೊಬ್ಬನಿಗಾಗಿ ಮನೆಯ ಅರ್ಧ ದೀಪ ಉರಿಸುತ್ತಿದ್ದರು. ಫೋನು ಅರ್ಧ ಗಂಟೆ ಒಂದಿಷ್ಟೂ ಅಲುಗಾಡದೆ ಬಿದ್ದಿದ್ದರೆ ಆ ದೀಪಗಳನ್ನೆಲ್ಲ ಆರಿಸಿ ಕಾವಲಿನವನಿಗೆ ಒಂದೇ ಒಂದು ಬುಡ್ಡಿ ಉಳಿಸಬಹುದು ಎಂದು ಕಂಡುಕೊಂಡದ್ದು ಇವನು.

ಹೆತ್ತವರಿಗೆ ಹೆಗ್ಗಣ ಮುದ್ದು. ಆ ಚಿಪ್ಪಿನ ಫೋನು ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಲ್ಯಾಬಿನ ಮಾದರಿಗಳಲ್ಲಿ ಎರಡನ್ನು ಅವನು ಹೊರಗೆ ತಂದಿದ್ದ. ಒಂದು ತನಗೆ, ಒಂದು ಅಕ್ಕನಿಗೆ.

ಅಕ್ಕ ಹೊಲಿಗೆಯವಳು. ಅವಳ ಎರಡೂ ಮೂತ್ರಪಿಂಡ ಕೆಟ್ಟು ಮೂರನೇ ವರ್ಷ. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಮಲಗಿ, ರಕ್ತ ತೊಳೆಸಿಕೊಂಡು ಬರುತ್ತಾಳೆ. ತಮ್ಮ ತನ್ನದೊಂದನ್ನು ಕೊಡುತ್ತೇನೆಂದು ಮುಂದೆ ಬಂದಿದ್ದ, ಹೊಂದಲಿಲ್ಲ. ಗಂಡನದೂ ಹೊಂದಲಿಲ್ಲ. ಸತ್ತವರ ಮೂತ್ರಪಿಂಡ ಹೊಂದುವಂಥದ್ದು ಸಿಕ್ಕರೆ ಆಸ್ಪತ್ರೆಯವರು ಫೋನು ಮಾಡುತ್ತಾರೆ. ಕೂಡಲೇ ಬರುತ್ತೇನೆ ಎನ್ನಬೇಕು. ಫೋನು ಎತ್ತದಿದ್ದರೆ ಮುಂದಿನವರಿಗೆ ಹೋಗುತ್ತದೆ. ಎರಡು ನಂಬರು ಕೊಡಿ ಎಂದಿದ್ದರು. ಅಕ್ಕ ತನ್ನದೊಂದು, ತಮ್ಮನದೊಂದು ಕೊಟ್ಟಿದ್ದಳು.

"ನಿಮ್ಮ ಭಾವಂದು ಯಾಕೆ ಕೊಡಲಿ" ಎಂದಿದ್ದಳು ಆಗ. ಭಾವ ಲಾರಿ ಓಡಿಸುತ್ತಿದ್ದ. "ಅವರು ಗುಡ್ಡ ಹತ್ತಿದ್ರೆ ಸಿಗ್ನಲ್ ಇಲ್ಲ, ಇಳಿದ್ರೆ ನಿದ್ದೆ. ನೀನಾದ್ರೆ ಫೋನ್ ಹೊಟ್ಟೆ ಒಳಗೇ ಕೆಲಸ ಮಾಡೋನು. ನಿಂದೇ ಸಿಗ್ದೆ ಇದ್ರೆ ಇನ್ಯಾರ್ದು ಸಿಗುತ್ತೆ?"

ಹೊಸ ಫೋನು ಕೊಟ್ಟ ದಿನ ಅವಳು ಅದನ್ನು ಹೊಲಿಗೆ ಮಿಷನ್ನಿನ ಹಲಗೆಯ ಮೇಲೆ, ಕತ್ತರಿಯ ಪಕ್ಕ ಇಟ್ಟುಕೊಂಡಳು. ಅಂದಿನಿಂದ ಅದೇ ಅದರ ಜಾಗ. ಅವನು ದಿನಾ ಸಂಜೆ ಫೋನು ಮಾಡುತ್ತಿದ್ದ. ಆ ಕಡೆಯಿಂದ ಮೊದಲು ಮಿಷನ್ನಿನ ಕಟಕಟ ಕೇಳುತ್ತಿತ್ತು, ಆಮೇಲೆ ಅವಳ ದನಿ. ಒಂದು ದಿನವೂ ತಪ್ಪಿದ್ದಿಲ್ಲ.

ಅವನ ಲ್ಯಾಬಿನಲ್ಲಿ ಒಂದು ರೂಢಿಯಿತ್ತು. ಚಿಪ್ಪಿನೊಳಗೆ ಏನು ನಡೆಯುತ್ತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೊಂದು ತೆಳ್ಳನೆಯ ಕೇಬಲ್ ಸಿಕ್ಕಿಸಿ ಇನ್ನೊಂದು ತುದಿಯನ್ನು ಕಂಪ್ಯೂಟರಿಗೆ ಕೊಟ್ಟರೆ ಒಳಗಿನ ಒಂದೊಂದು ದೀಪವೂ ಪರದೆ ಮೇಲೆ ಲೆಕ್ಕ ಒಪ್ಪಿಸುತ್ತದೆ. ಆ ಕೇಬಲ್ಲಿಗೆ ಎಲ್ಲರೂ ಬಳ್ಳಿ ಎನ್ನುತ್ತಿದ್ದರು, ಹೊಕ್ಕುಳಬಳ್ಳಿ ಎಂಬುದನ್ನು ಮೊಟಕು ಮಾಡಿ. ತಂಡದ ಮುಖ್ಯಸ್ಥನಿಗೆ ಯಜಮಾನ ಎಂಬ ಹೆಸರು. ಅವನ ಮಾತು ಒಂದೇ: "ಬಳ್ಳಿ ಮೇಲೆ ತೋರ್ಸಿ. ತೋರ್ಸೋಕೆ ಆಗ್ಲಿಲ್ವಾ, ಅದು ತೊಂದರೆ ಅಲ್ಲ, ನಿಮ್ಮ ಭ್ರಮೆ." ಹೀಗೆನ್ನುವಾಗಲೂ, ಬೇರೆ ಏನೆನ್ನುವಾಗಲೂ ಅವನ ಬಲಮಂಡಿ ಮೇಜಿನ ಕೆಳಗೆ ನಡುಗುತ್ತಲೇ ಇರುತ್ತಿತ್ತು. ಮೇಜಿನ ಮೇಲಿನ ಲೋಟದ ನೀರಿನಲ್ಲಿ ಸಣ್ಣ ಬಳೆಗಳು ಏಳುತ್ತಿದ್ದವು. ಪರೀಕ್ಷೆಯ ಫೋನುಗಳನ್ನು ಸಾಲಾಗಿ ಇಡುತ್ತಿದ್ದದ್ದೂ ಅದೇ ಉದ್ದನೆಯ ಮೇಜಿನ ಮೇಲೆ. ಯಾರದೋ ಟೀಗೆ ಸಕ್ಕರೆ ಕದಡಬೇಕಾದರೆ ಯಜಮಾನರ ಮೇಜಿನ ಮೇಲಿಡಿ ಎಂದು ಹುಡುಗರು ಹಿಂದಿನಿಂದ ನಗುತ್ತಿದ್ದರು.

ಯಜಮಾನ ರಜೆ ಮುಗಿಸಿ ಬಂದ ದಿನ, ಪರೀಕ್ಷಕಿ ಒಂದು ಫೋನು ಹಿಡಿದುಕೊಂಡು ಜೋಗುಳನ ಬಳಿ ಬಂದಳು. ಗಿಡ್ಡಗೆ, ತೆಳ್ಳಗೆ, ಯಾವಾಗಲೂ ತನಗಿಂತ ದೊಡ್ಡದೇನನ್ನಾದರೂ ಹೊತ್ತು ಓಡಾಡುವ ಅವಳಿಗೆ ಇರುವೆ ಎಂದು ಹೆಸರು.

"ಇದು ಹೋದ ವಾರ ಎರಡು ಸಲ ಸತ್ತಿತ್ತು" ಎಂದಳು.

"ಸತ್ತಿತ್ತು ಅಂದ್ರೆ?"

"ಕರೆ ಮಾಡಿದ್ರೆ ಸ್ವಿಚ್ ಆಫ್ ಅಂತ ಬರುತ್ತೆ. ಹೋಗಿ ಮುಟ್ಟಿದ್ರೆ, ಏನೂ ಆಗೇ ಇಲ್ಲ ಅನ್ನೋ ಹಾಗೆ ಮುಖ ತೊಳ್ಕೊಂಡು ಕೂತಿರುತ್ತೆ. ಸಿಗ್ನಲ್ ಇದೆ, ಬ್ಯಾಟರಿ ಇದೆ. ಕರೆ ಬಂದಿತ್ತು ಅನ್ನೋ ಗುರುತೂ ಇಲ್ಲ."

ಅವನು ಬಳ್ಳಿ ಸಿಕ್ಕಿಸಿದ. ಫೋನನ್ನು ಮಲಗಿಸಿ ಅರ್ಧ ಗಂಟೆ ಬಿಟ್ಟು ಕರೆ ಮಾಡಿದ. ಹೊಡೆದುಕೊಂಡಿತು. ಮತ್ತೆ ಮಾಡಿದ. ಮತ್ತೆ ಹೊಡೆದುಕೊಂಡಿತು. ಪರದೆಯ ಮೇಲೆ ಕಾವಲಿನವನ ಬುಡ್ಡಿ ನೆಟ್ಟಗೆ ಉರಿಯುತ್ತಿತ್ತು.

"ನೋಡಮ್ಮ, ಎಷ್ಟು ಚೆನ್ನಾಗಿ ಏಳ್ತಾ ಇದೆ."

"ನೀನು ನೋಡ್ತಾ ಇದ್ದೀಯಲ್ಲ, ಅದಕ್ಕೆ" ಎಂದಳು ಇರುವೆ. "ಯಜಮಾನ್ರು ರಜೆಯಲ್ಲಿದ್ದಾಗ ಮಾತ್ರ ಹೀಗಾಗುತ್ತೆ. ಅವರು ಬಂದ್ರೆ ಇದೂ ಸಮಯಕ್ಕೆ ಸರಿಯಾಗಿ ಎದ್ದು ಕೂರುತ್ತೆ, ನಮ್ಮ ಹಾಗೇ."

ಇಬ್ಬರೂ ನಕ್ಕರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಏನು ನಂಟು ಎಂದುಕೊಂಡು ಅವನು ಆ ದೂರನ್ನು 'ತೊಂದರೆ ಮರುಕಳಿಸಲಿಲ್ಲ' ಎಂದು ಮುಚ್ಚಿದ. ಬಾಕಿ ಉಳಿದಿದ್ದ ದೂರು ಅದೊಂದೇ. ಅದು ಮುಚ್ಚಿದರೆ ಅವನು ಬರೆದ ಸಾಲುಗಳು ಕಾರ್ಖಾನೆಗೆ ಹೋಗಿ ಚಿಪ್ಪಿನೊಳಗೇ ಅಚ್ಚಾಗುತ್ತವೆ. ಆಮೇಲೆ ಅಳಿಸಿ ಬರೆಯುವ ಮಾತಿಲ್ಲ. ಕಲ್ಲಿನ ಮೇಲೆ ಕೊರೆದಂತೆ.

ಎರಡು ವಾರ ಕಳೆದು, ಒಂದು ಶನಿವಾರ ಭಾವ ಎಲ್ಲಿಂದಲೋ ಫೋನು ಮಾಡಿದ. ಹಿಂದೆ ಲಾರಿಗಳ ಹಾರನ್ನು.

"ಏನಪ್ಪಾ, ದೊಡ್ಡ ಇಂಜಿನಿಯರು, ನಿನ್ನಕ್ಕನಿಗೆ ಎಂಥಾ ಫೋನ್ ಕೊಟ್ಟಿದ್ದೀಯ? ಮಧ್ಯಾಹ್ನ ಯಾವಾಗ ಮಾಡಿದ್ರೂ ಸ್ವಿಚ್ ಆಫ್. ಕೇಳಿದ್ರೆ, ನಾನೆಲ್ಲಿ ಆಫ್ ಮಾಡಿದ್ದೆ, ನೀವು ಮಾಡೇ ಇಲ್ಲ, ಸುಮ್ನೆ ಹೇಳ್ತೀರ ಅಂತ ನನ್ನ ಮೇಲೇ ಬೀಳ್ತಾಳೆ. ನಿಮ್ಮ ಫೋನಿಂದ ನನ್ನ ಸಂಸಾರ ಒಡೆಯೋ ಹಾಗಿದೆ."

"ಸಂಜೆ ನಾನು ಮಾಡಿದ್ರೆ ಸಿಗುತ್ತಲ್ಲ ಭಾವ."

"ನೀನು ತಮ್ಮ. ನಿನಗೆ ಸಿಗುತ್ತೆ."

ಅವನು ನಕ್ಕು ಇಟ್ಟ. ಇಟ್ಟ ಮೇಲೆ ನಗು ಹೋಯಿತು. ಈಚೆಗೆ ಸಂಜೆ ಫೋನು ಮಾಡಿದರೆ ಮಿಷನ್ನಿನ ಸದ್ದು ಇರುತ್ತಿರಲಿಲ್ಲ. ಟೀವಿಯ ದನಿ ಇರುತ್ತಿತ್ತು. ತಮ್ಮನ ಫೋನು ಬರುವ ಹೊತ್ತೆಂದು ಅಕ್ಕ ಅದನ್ನು ಕೈಯಲ್ಲೇ ಹಿಡಿದು ಕೂತಿರುತ್ತಾಳೆ ಎಂಬುದೂ ಅವನಿಗೆ ಗೊತ್ತಿತ್ತು. ಇರುವೆಯ ಮಾತು, ಯಜಮಾನನ ಮಂಡಿ, ಲೋಟದ ನೀರು, ಒಂದರ ಹಿಂದೊಂದು ನೆನಪಾದವು.

ಭಾನುವಾರ ಅವನು ಅಕ್ಕನ ಮನೆಗೆ ಹೋದ. ಒಂದು ಕೋಣೆ, ಒಂದು ಅಡುಗೆಮನೆ, ಗೋಡೆಗೆ ತಾಗಿದ ಮಂಚ, ಕಿಟಕಿಯ ಕೆಳಗೆ ಕಾಲಲ್ಲಿ ತುಳಿಯುವ ಹಳೆಯ ಮಿಷನ್ನು. ಮಿಷನ್ನಿಗೆ ಹೊದಿಕೆ ಹಾಕಿತ್ತು. ಹೊದಿಕೆಯ ಮೇಲೆ ಕತ್ತರಿ, ಕತ್ತರಿಯ ಪಕ್ಕ ಫೋನು.

"ಹೊಲಿಯೋದು ಬಿಟ್ಯಾ?"

"ಮೂರು ವಾರ ಆಯ್ತು. ಕಾಲು ನೋಡು ಹೇಗೆ ಊದಿದೆ. ಪೆಡಲ್ ಮೇಲಿಟ್ರೆ ಯಾರ್ದೋ ಕಾಲು ಅನ್ಸುತ್ತೆ." ಅಕ್ಕ ಮಂಚದ ಮೇಲೆ ಒರಗಿಕೊಂಡಿದ್ದಳು. "ಆದ್ರೆ ಒಂದು ಸುಖ ಇದೆ ಕಣೋ. ನಿದ್ದೆ ಬರುತ್ತೆ. ಹೋದ ಮಂಗಳವಾರ ಮಧ್ಯಾಹ್ನ ತಲೆ ಇಟ್ಟವಳು ದೀಪ ಹಚ್ಚೋ ಹೊತ್ತಿಗೆ ಎದ್ದಿದ್ದು. ಒಂದು ಸದ್ದಿಲ್ಲ, ಸುಳಿವಿಲ್ಲ. ವರ್ಷದ ಮೇಲಾಗಿತ್ತು ಅಂಥಾ ನಿದ್ದೆ ಮಾಡಿ."

ಅವನು ಜೇಬಿನಿಂದ ತನ್ನ ಫೋನು ತೆಗೆದು, ನಿಂತಲ್ಲೇ ಅಕ್ಕನ ನಂಬರು ಒತ್ತಿದ. ಎರಡು ಮಾರು ದೂರದಲ್ಲಿ ಅವಳ ಫೋನು ಕಪ್ಪಗೆ ಬಿದ್ದಿತ್ತು. ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದು ಒಂದು ಹೆಣ್ಣುದನಿ ಅವನ ಕಿವಿಯಲ್ಲಿ ಹೇಳಿತು.

"ಸುಳ್ಳು ಬೊಗಳ್ತಾಳೆ" ಎಂದಳು ಅಕ್ಕ, ದನಿ ಅವಳಿಗೂ ಕೇಳಿಸಿತ್ತು. "ಇಲ್ಲೇ ಇದೆಯಲ್ಲ."

ಅವನು ಬೆರಳು ಮುಟ್ಟಿಸಿದ. ಪರದೆ ಬೆಳಗಿತು. ಬ್ಯಾಟರಿ ಮುಕ್ಕಾಲು ಪಾಲು ಇತ್ತು, ಸಿಗ್ನಲ್ ಪೂರ್ತಿ ಇತ್ತು. ಈಗ ಕರೆ ಮಾಡಿದರೆ ಹೊಡೆದುಕೊಂಡಿತು.

"ನೋಡಿದ್ಯಾ, ಸರಿಯಾಗೇ ಇದೆ."

"ಅಕ್ಕ, ಅರ್ಧ ಗಂಟೆ ಅಲುಗಾಡದೆ ಕೂರೋಣ. ಅದನ್ನ ಮುಟ್ಟೋದು ಬೇಡ."

"ಯಾಕೋ?"

"ಸುಮ್ನೆ ಕೂತ್ಕೊ."

ಅವಳು ಮಂಚದ ಮೇಲೆ, ಅವನು ನೆಲದ ಮೇಲೆ. ಅಡುಗೆಮನೆಯ ನಲ್ಲಿ ಆಗೊಮ್ಮೆ ಈಗೊಮ್ಮೆ ತೊಟ್ಟಿಕ್ಕುತ್ತಿತ್ತು. ಮೇಲಿನ ಮನೆಯಲ್ಲಿ ಯಾರೋ ಕುರ್ಚಿ ಎಳೆದರು, ಅವನು ಹಲ್ಲು ಕಚ್ಚಿ ಮತ್ತೆ ಮೊದಲಿಂದ ಗಡಿಯಾರ ನೋಡತೊಡಗಿದ. ಫೋನು ತೆಳ್ಳಗೆ, ಕಪ್ಪಗೆ, ಹೊದಿಕೆಯ ಮೇಲೆ ಬಿದ್ದಿತ್ತು.

"ಹಾವು ಕಂಡವರ ಹಾಗೆ ಕೂತಿದ್ದೀವಲ್ಲೋ" ಎಂದಳು ಅಕ್ಕ, ತುಟಿ ಮಾತ್ರ ಆಡಿಸಿ.

ಅರ್ಧ ಗಂಟೆಯಾದ ಮೇಲೆ ಮತ್ತೆ ಕರೆ ಮಾಡಿದ. ಅದೇ ಹೆಣ್ಣು, ಅದೇ ಮಾತು.

ಅವನಿಗೆ ಎಲ್ಲ ಹೊಳೆದದ್ದು ಆ ನೆಲದ ಮೇಲೆ ಕೂತೇ. ಕೊನೆಯದೆಂದು ತಾನು ಉಳಿಸಿದ ಬುಡ್ಡಿಯೂ ಆರುತ್ತಿತ್ತು. ಅವನು ಆರಿಸಿದ ದೀಪಗಳಲ್ಲೊಂದರಿಂದಲೇ ಅದಕ್ಕೆ ಎಣ್ಣೆ ಬರುತ್ತಿತ್ತು. ಲ್ಯಾಬಿನಲ್ಲಿ ಆರಿರಲಿಲ್ಲ. ಯಾಕೆಂದರೆ ಬಳ್ಳಿ ಸಿಕ್ಕಿಸಿದರೆ ಆ ಬಳ್ಳಿಗೆ ಲೆಕ್ಕ ಒಪ್ಪಿಸಲೆಂದೇ ಚಿಪ್ಪು ಆ ದೀಪವನ್ನು ಹೊತ್ತಿಸಿಟ್ಟುಕೊಳ್ಳುತ್ತದೆ. ನೋಡಲು ಹೋದರೆ ಎದ್ದಿರುತ್ತದೆ. ಬಳ್ಳಿಯಿಲ್ಲದ ಫೋನುಗಳನ್ನು ಯಜಮಾನನ ಮಂಡಿ ಎಬ್ಬಿಸಿಟ್ಟಿತ್ತು. ಇಲ್ಲಿ ಇದನ್ನು ಮಿಷನ್ನು ಎಬ್ಬಿಸಿಟ್ಟಿತ್ತು. ಕಾವಲಿನವನು ಕತ್ತಲಲ್ಲಿ ಕೂತು, ಬಾಗಿಲು ತಟ್ಟುವವರು ತಟ್ಟಿ ತಟ್ಟಿ ಹೋದರೂ ಕೇಳದೆ ಕೂತಿದ್ದ.

"ಏನೋ ಮುಖ ಹಾಗಾಯ್ತು?"

"ಏನಿಲ್ಲ. ನಾಳೆ ನಿನ್ನ ಹಳೇ ಫೋನ್ ಸರಿ ಮಾಡಿಸ್ಕೊಂಡು ಬರ್ತೀನಿ. ಅಲ್ಲಿವರೆಗೆ ಇದನ್ನ ಕೈಯಿಂದ ಬಿಡ್ಬೇಡ."

ಅವಳ ಹಳೆಯ ಫೋನನ್ನು ಜೇಬಿಗೆ ಹಾಕಿಕೊಂಡು ಬಂದ. ಬ್ಯಾಟರಿ ಉಬ್ಬಿ ಬೆನ್ನು ತೆರೆದುಕೊಂಡಿತ್ತು. ದಾರಿಯಲ್ಲಿ ಅವನಿಗೆ ತನ್ನ ಫೋನಿನ ನೆನಪೂ ಆಯಿತು. ಲ್ಯಾಬಿನೊಳಗೆ ಸ್ವಂತ ಫೋನು ಒಯ್ಯುವಂತಿಲ್ಲ. ಬೆಳಿಗ್ಗೆ ಬಾಗಿಲ ಬಳಿಯ ಕಬ್ಬಿಣದ ಲಾಕರಿನಲ್ಲಿಟ್ಟರೆ ಸಂಜೆ ತೆಗೆಯುವವರೆಗೆ ಅದನ್ನು ಅಲುಗಿಸುವವರಿಲ್ಲ.

ಸೋಮವಾರ ಬೆಳಿಗ್ಗೆ ಮೊದಲು ಆಸ್ಪತ್ರೆಗೆ ಹೋದ. ಕಸಿ ವಿಭಾಗದಲ್ಲಿ ಕರೆ ಮಾಡುವ ಹೆಂಗಸು ಕಿಟಕಿಯ ಪಕ್ಕ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದಳು. ಭಾವನ ನಂಬರನ್ನೂ ಸೇರಿಸಿಕೊಳ್ಳಿ ಎಂದು ಹೇಳಿ, ಅಕ್ಕನ ಹೆಸರು ಹೇಳಿದ. ಆಕೆ ಕನ್ನಡಕ ಹಾಕಿಕೊಂಡು ಅವನನ್ನು ನೋಡಿದಳು.

"ನೀವು ತಮ್ಮ ಅಲ್ವಾ? ಎಲ್ಲಿಗೆ ಹೋಗಿದ್ರಿ ಇಬ್ರೂ?"

"ಯಾವಾಗ?"

"ಹೋದ ಮಂಗಳವಾರ. ನಾನೇ ಮಾಡಿದ್ದು. ನಿಮ್ಮಕ್ಕಂದು ಸ್ವಿಚ್ ಆಫ್, ನಿಮ್ದೂ ಸ್ವಿಚ್ ಆಫ್. ಮತ್ತೆ ಮತ್ತೆ ಮಾಡಿದೆ. ಅಕ್ಕ ತಮ್ಮ ಜೊತೆಗೆ ಎಲ್ಲೋ ಊರಿಗೆ ಹೋಗಿರ್ಬೇಕು ಅಂದ್ಕೊಂಡೆ. ಅದು ಕಾಯೋ ಪದಾರ್ಥ ಅಲ್ಲಪ್ಪ. ಮುಂದಿನವರಿಗೆ ಕೊಟ್ವಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತು ಬಂದದ್ದೇ ತಿಳಿದಿರಲಿಲ್ಲ.

"ಹೊಂದಿತ್ತಾ?" ಎಂದು ಕೇಳಿದ.

"ಹೊಂದದೆ ಕರೀತೀವಾ? ಅವರದು ಅಪರೂಪದ ರಕ್ತದ ಗುಂಪು. ಮೂರು ವರ್ಷಕ್ಕೆ ಸಿಕ್ಕಿತ್ತು." ಆಕೆ ಭಾವನ ನಂಬರು ಬರೆದುಕೊಂಡಳು. "ಹೆಸರೇನೂ ತೆಗೆದಿಲ್ಲ. ಮತ್ತೆ ಸಿಕ್ಕಿದ್ರೆ ಮಾಡ್ತೀವಿ. ಆದ್ರೆ ಮೊನ್ನೆ ಡಾಕ್ಟ್ರು ಹೇಳ್ತಿದ್ರು, ಹೃದಯಾನೂ ಸೋತಿದೆ ಅಂತ. ತುಂಬಾ ದಿನ ಆದ್ರೆ ಆಪರೇಷನ್ ತಡ್ಕೊಳ್ಳೋದು ಕಷ್ಟ."

"ಆ ಮುಂದಿನವರು ಹೇಗಿದ್ದಾರೆ?"

"ಚೆನ್ನಾಗಿದ್ದಾರೆ. ನಿನ್ನೆ ವರಾಂಡದಲ್ಲಿ ನಡೀತಾ ಇದ್ರು."

ಆಫೀಸಿಗೆ ಬಂದಾಗ ಯಜಮಾನ ಮೇಜಿನ ಮುಂದೆ ಕೂತಿದ್ದ. ಪಕ್ಕದಲ್ಲಿ ಇರುವೆ, ಅವಳ ಮುಂದೆ ಸಾಲಾಗಿ ಆರೇಳು ಫೋನು. ಮಂಡಿ ತನ್ನ ಕೆಲಸ ಮಾಡುತ್ತಿತ್ತು. ಜೋಗುಳ ನಿಂತುಕೊಂಡೇ ಎಲ್ಲ ಹೇಳಿದ. ಬುಡ್ಡಿ, ಎಣ್ಣೆ, ಬಳ್ಳಿ. ಕಾರ್ಖಾನೆಗೆ ಹೋಗುವುದನ್ನು ತಡೆಯಬೇಕು ಎಂದ.

"ತಡೆಯೋದೇನು, ಶುಕ್ರವಾರಾನೇ ಹೋಯ್ತು" ಎಂದ ಯಜಮಾನ. "ಉಳಿದಿದ್ದು ಒಂದೇ ದೂರು. ನೀನೇ ಮುಚ್ಚಿದ್ಯಲ್ಲ. ಇನ್ಯಾಕೆ ಕಾಯೋದು ಅಂತ ಕಳಿಸ್ಬಿಟ್ವಿ."

"ಹಾಗಾದ್ರೆ ಮೇಲಿಂದ ತೇಪೆ ಹಾಕ್ಬೇಕು ಸರ್. ಆ ದೀಪ ಆರದ ಹಾಗೆ."

"ಹಾಕಿದ್ರೆ ಐದು ದಿನ ನಾಲ್ಕಾಗುತ್ತೆ. ಐದು ಅಂತ ಜಾಹೀರಾತು ಅಚ್ಚಾಗಿದೆ. ಎಲ್ಲಿ, ಬಳ್ಳಿ ಮೇಲೆ ತೋರ್ಸು, ನಾಳೇನೇ ಹಾಕಿಸ್ತೀನಿ."

"ಬಳ್ಳಿ ಮೇಲೆ ತೋರ್ಸೋಕೆ ಆಗಲ್ಲ. ಅದೇ ತೊಂದರೆ."

"ಬಳ್ಳಿ ಬೇಡ್ವಾ, ಸರಿ." ಯಜಮಾನ ಸಾಲಿನಿಂದ ಬಳ್ಳಿಯಿಲ್ಲದ ಒಂದು ಫೋನನ್ನು ಬೆರಳಲ್ಲಿ ತೋರಿಸಿದ. "ಇದು ಬೆಳಿಗ್ಗೆಯಿಂದ ಇಲ್ಲೇ ಬಿದ್ದಿದೆ. ಯಾರೂ ಮುಟ್ಟಿಲ್ಲ." ಮೇಜಿನ ಮೇಲಿನ ತಂತಿ ಫೋನಿನಿಂದ ಕರೆ ಮಾಡಿದ. ಸತ್ತಿರುತ್ತದೆಂದು ಜೋಗುಳ ಹೇಳಿದ್ದ ಫೋನು ಹಾಡುತ್ತಾ ಎದ್ದಿತು. ಮೇಜಿನ ಮೇಲೆ ನೀರಿನ ಲೋಟದಲ್ಲಿ ಬಳೆಗಳು ಏಳುತ್ತಿದ್ದವು.

"ಸರ್, ನೀವು ಕಾಲು ಅಲ್ಲಾಡಿಸ್ತಾ ಇದ್ದೀರ."

ಕೋಣೆಯಲ್ಲಿ ಕೀಲಿಮಣೆಗಳ ಸದ್ದು ನಿಂತಿತು.

"ಏನಂದೆ?"

"ಕಾಲು ನಿಲ್ಲಿಸಿ. ಅರ್ಧ ಗಂಟೆ. ಆಮೇಲೆ ಕರೆ ಮಾಡಿ."

ಯಜಮಾನ ತನ್ನ ಮಂಡಿಯನ್ನು ಈಗಷ್ಟೇ ಕಂಡವನಂತೆ ನೋಡಿದ. ಮಂಡಿ ನಿಂತಿತು. ಒಂದೆರಡು ನಿಮಿಷ ಎಲ್ಲರೂ ಆ ಫೋನನ್ನೇ ನೋಡುತ್ತಾ ಕೂತರು. ಅಷ್ಟರಲ್ಲಿ ಮೇಲಿನ ಮಹಡಿಯಿಂದ ಯಜಮಾನನಿಗೆ ಸಭೆಯ ಕರೆ ಬಂತು. ಮಾತಾಡುತ್ತಾ ಆಡುತ್ತಾ ಮಂಡಿ ಮತ್ತೆ ಶುರುವಾಯಿತು, ಅವನಿಗೇ ಗೊತ್ತಿಲ್ಲದೆ.

ಎದ್ದು ಹೋಗುವಾಗ ಅವನು ಜೋಗುಳನ ಹೆಗಲ ಮೇಲೆ ಕೈ ಹಾಕಿ ಬಾಗಿಲ ತನಕ ನಡೆಸಿಕೊಂಡು ಹೋದ. ದನಿ ತಗ್ಗಿಸಿ ಕೇಳಿದ. "ಇದೆಲ್ಲ ನಿನಗೆ ಎಲ್ಲಿ ಗೊತ್ತಾಯ್ತು?"

"ನಮ್ಮಕ್ಕನ ಮನೇಲಿ."

"ಲ್ಯಾಬ್ ಫೋನ್ ಹೊರಗೆ ಕೊಟ್ಟಿದ್ದೀಯಾ?" ಹೆಗಲ ಮೇಲಿನ ಕೈ ಹಗುರಾಯಿತು. "ನಾನು ಕೇಳಿಸ್ಕೊಂಡಿಲ್ಲ. ನೀನೂ ಯಾರಿಗೂ ಹೇಳ್ಬೇಡ. ಹೇಳಿದ್ರೆ ಮೊದಲು ಹೋಗೋದು ನೀನು. ಆಮೇಲೆ ಅಕ್ಕನ ಆಸ್ಪತ್ರೆ ಖರ್ಚು ಯಾರು ನೋಡ್ಕೋತಾರೆ?"

ಇರುವೆ ತನ್ನ ಜಾಗದಿಂದ ಎದ್ದು ಬಂದು, ಆ ಫೋನನ್ನು ಎತ್ತಿ, ಮೇಜಿನ ನಡುಕ ತಾಗದಂತೆ ಸ್ಪಂಜಿನ ತುಂಡಿನ ಮೇಲಿಟ್ಟಳು. "ನಾನು ಮೊದಲೇ ಹೇಳಿದ್ದೆ ಅಂತ ಹೇಳಲ್ಲ" ಎಂದಳು. ಆಮೇಲೆ ಕೇಳಿದಳು, "ಎಷ್ಟು ಫೋನು ಹೋಗುತ್ತಂತೆ ಮೊದಲ ಕಂತಲ್ಲಿ?"

"ಲಕ್ಷಗಟ್ಟಲೆ."

ಅವಳು ಇನ್ನೊಂದು ಫೋನನ್ನೂ ಎತ್ತಿ ಸ್ಪಂಜಿನ ಮೇಲಿಟ್ಟಳು.

ಸಂಜೆ ಅವನು ಹೊಸ ಬ್ಯಾಟರಿ ಹಾಕಿಸಿದ ಹಳೆಯ ಫೋನು ಹಿಡಿದು ಅಕ್ಕನ ಮನೆಗೆ ಹೋದ. ಬಸ್ಸಿನಲ್ಲಿ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದ. ಫೋನು ಕೆಟ್ಟಿದೆ, ಕಂಪನಿಗೆ ವಾಪಸು ಕೊಡಬೇಕು, ಅಷ್ಟೆ. ಅಕ್ಕ ಕೈಯಲ್ಲಿದ್ದ ಫೋನನ್ನು ಕೊಟ್ಟಳು, ಹಳೆಯದನ್ನು ತೆಗೆದುಕೊಂಡಳು, ತಿರುಗಿಸಿ ಮುರುಗಿಸಿ ನೋಡಿದಳು.

"ನಿನ್ನೆಯಿಂದ ಯೋಚ್ನೆ ಮಾಡ್ತಾ ಇದ್ದೆ" ಎಂದಳು. "ಅಲುಗಾಡದಿದ್ರೆ ಅದು ಏಳಲ್ಲ. ಅಲ್ವಾ?"

"ಹೂಂ."

"ನಾನು ಮಿಷನ್ ತುಳೀತಾ ಇದ್ದಾಗ ಎದ್ದಿರ್ತಿತ್ತು."

"ಹೂಂ."

"ತುಳಿಯೋದು ಬಿಟ್ಟ ಮೇಲೆ ಆಸ್ಪತ್ರೆಯಿಂದ ಕರೆ ಬಂದಿತ್ತಾ?"

ಅವಳು ಅವನನ್ನು ಎತ್ತಿ ಆಡಿಸಿದವಳು. ಅವನ ಸುಳ್ಳು ಬಾಯಿಗೆ ಬರುವ ಮೊದಲೇ ಅವಳಿಗೆ ತಿಳಿಯುತ್ತಿತ್ತು.

"ಬಂದಿತ್ತು. ಮಂಗಳವಾರ."

ಅಕ್ಕ ಅಳಲಿಲ್ಲ, ಬೈಯಲೂ ಇಲ್ಲ.

"ಅದಕ್ಕೇ ಅಷ್ಟು ನಿದ್ದೆ ಬಂತು" ಎಂದಳು. ಆಮೇಲೆ, "ಇನ್ನೂ ಎಷ್ಟು ಜನ ಇಟ್ಕೊಂಡಿದ್ದಾರೆ ಅದನ್ನ?"

"ಸದ್ಯಕ್ಕೆ ಯಾರೂ ಇಲ್ಲ. ಮುಂದಿನ ತಿಂಗಳಿಂದ ಮಾರ್ತಾರೆ."

"ನಿಲ್ಲಿಸ್ತಾರಾ?"

ಅವನು ತಲೆ ಅಡ್ಡ ಆಡಿಸಿದ.

ಅಕ್ಕ ಮಂಚದಿಂದ ಕಾಲು ಕೆಳಗಿಳಿಸಿದಳು. ಗೋಡೆ ಹಿಡಿದು, ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತಳು. ಹೊದಿಕೆ ತೆಗೆದು ಮಡಚಿ ಪಕ್ಕಕ್ಕಿಟ್ಟಳು. ಹಳೆಯ ಫೋನನ್ನು ಹಲಗೆಯ ಮೇಲೆ, ಕತ್ತರಿಯ ಪಕ್ಕ ಇಟ್ಟಳು.

"ಅಕ್ಕ, ಅದಕ್ಕೆ ಅದೆಲ್ಲ ಬೇಡ. ಇದು ಹಳೇ ಚಿಪ್ಪು. ಇದನ್ನ ಯಾರೂ ಅಲುಗಾಡಿಸ್ಬೇಕಾಗಿಲ್ಲ. ತಾನಾಗೇ ಏಳುತ್ತೆ."

"ನೀನು ಹೇಳ್ತೀಯ" ಎಂದಳು ಅಕ್ಕ.

ಊದಿದ ಪಾದವನ್ನು ಕೈಯಿಂದ ಎತ್ತಿ ಪೆಡಲ್ಲಿನ ಮೇಲಿಟ್ಟುಕೊಂಡು ಅವಳು ತುಳಿಯತೊಡಗಿದಳು. ಸೂಜಿಗೆ ದಾರವಿರಲಿಲ್ಲ, ಸೂಜಿಯ ಕೆಳಗೆ ಬಟ್ಟೆಯಿರಲಿಲ್ಲ. ಚಕ್ರ ತಿರುಗಿತು. ಕತ್ತರಿ ಕಟಕಟ ಎಂದಿತು. ಫೋನು ಹಲಗೆಯ ಮೇಲೆ ಕೂದಲೆಳೆಯಷ್ಟು ನಡುಗುತ್ತಿತ್ತು. ಅವನು ಬಾಗಿಲಲ್ಲಿ ನಿಂತಿದ್ದ. ಅವಳು ತಿರುಗಿ ನೋಡಲಿಲ್ಲ, ತುಳಿಯುವುದನ್ನು ನಿಲ್ಲಿಸಲೂ ಇಲ್ಲ.